ತಾಯಂದಿರ ನೆತ್ತರನ್ನು ಕಾಯ್ದ ವಿದುಷಿ: ಡಾಕ್ಟರ್ ಲೂಸಿ ವಿಲ್ಸ್ ಬಾಯಿಯವರು

ಯಾವ ನಾಡಿನಲ್ಲಿ ತಾಯಂದಿರು ಬಲಹೀನರಾಗಿರುವರೋ ಆ ನಾಡಿನ ಮಕ್ಕಳು ಬಲವಂತರಾಗಲಾರರೆಂಬದು ಎಲ್ಲರೂ ಒಪ್ಪತಕ್ಕ ಮಾತು. ಆದರೆ ತಾಯಿಯ ಬಲವು ಎಲ್ಲಿಂದ ಬರುವದು, ಅದು ಏತಕ್ಕೆ ಕುಂದುವದು, ಕುಂದಿದುದನ್ನು ಮರಳಿ ತುಂಬುವ ಬಗೆ ಯಾವದು ಎಂಬದನ್ನು ಅರಿಯುವದಕ್ಕಾಗಿ ಸಮುದ್ರವನ್ನು ದಾಟಿ ಬಂದು ಬಡವರ ನಡುವೆ ಕೆಲಸಮಾಡಿದವರು ವಿರಳ. ಅಂಥವರಲ್ಲಿ ಡಾಕ್ಟರ್ ಲೂಸಿ ವಿಲ್ಸ್ ಬಾಯಿಯವರು ಅಗ್ರಗಣ್ಯರು. ಅವರ ಹೆಸರು ವೈದ್ಯಲೋಕದಲ್ಲಿ ವಿಖ್ಯಾತವಾಗಿದೆ. ಅವರ ಶ್ರಮದ ಫಲವನ್ನು ದಿನಾಲು ಉಣ್ಣುತ್ತಿರುವ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ನಮ್ಮ ಮನೆಗಳಲ್ಲಿ ಮಾತ್ರ ಅದು ಅಷ್ಟಾಗಿ ಕೇಳಿಬರುವದಿಲ್ಲ. ಆದುದರಿಂದ ಶಾಲೆಯ ಈ ಸ್ಮರಣ ಸಂಚಿಕೆಯಲ್ಲಿ ಅವರ ಚರಿತ್ರೆಯನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಇಡುವದು ಯೋಗ್ಯವೆಂದು ನಾವು ಭಾವಿಸಿರುವೆವು.

ಬಾಲ್ಯವೂ ವಿದ್ಯಾಭ್ಯಾಸವೂ

ಲೂಸಿಯವರು ಸನ್ ೧೮೮೮ನೆಯ ಇಸವಿಯ ಮೇ ೧೦ರಂದು ಇಂಗ್ಲಂಡದ ಬರ್ಮಿಂಗಹ್ಯಾಮ್ ಪಟ್ಟಣದ ಸಮೀಪದಲ್ಲಿರುವ ಸಟನ್ ಕೋಲ್ಡ್‌ಫೀಲ್ಡ್ ಎಂಬ ಊರಲ್ಲಿ ಹುಟ್ಟಿದರು. ತಂದೆ ವಿಜ್ಞಾನದಲ್ಲಿ ಪದವೀಧರರು. ಹರಿತವಾದ ಉಪಕರಣಗಳನ್ನು ತಯಾರಿಸುವ ಕಾರಖಾನೆಯು ಆ ಮನೆತನಕ್ಕೆ ಇದ್ದಿತು. ತಾಯಿಯು ಬರ್ಮಿಂಗಹ್ಯಾಮಿನಲ್ಲಿ ಹೆಸರಾದ ವೈದ್ಯರೊಬ್ಬರ ಮಗಳು. ಹೀಗೆ ತಂದೆಯ ಕಡೆಯಿಂದ ವಿಜ್ಞಾನದ ಅಭಿರುಚಿಯೂ ತಾಯಿಯ ಕಡೆಯಿಂದ ವೈದ್ಯವಿದ್ಯೆಯ ನಂಟೂ ಆ ಬಾಲಿಕೆಗೆ ದೊರೆತವು.

ಸನ್ ೧೯೦೩ರಲ್ಲಿ ಅವರನ್ನು ಚೆಲ್ಟನ್‌ಹ್ಯಾಮಿನ ಹೆಣ್ಣುಮಕ್ಕಳ ವಿದ್ಯಾಲಯಕ್ಕೆ ಕಳುಹಿಸಿದರು. ಅಲ್ಲಿಯ ಮುಖ್ಯ ಅಧ್ಯಾಪಿಕೆ ಡೊರೊತಿಯಾ ಬೀಲ್ ಬಾಯಿಯವರು ಸ್ತ್ರೀಶಿಕ್ಷಣದ ಇತಿಹಾಸದಲ್ಲಿ ದೊಡ್ಡ ಹೆಸರುಳ್ಳವರು. ಹುಡುಗಿಯರಿಗೆ ಹೊಲಿಗೆ, ಹಾಡು, ನಯವಾದ ನಡೆನುಡಿಗಳಷ್ಟೇ ಸಾಕೆಂದು ಜನರು ತಿಳಿದಿದ್ದ ಕಾಲದಲ್ಲಿ ಆ ವಿದ್ಯಾಲಯವು ಗಣಿತ ವಿಜ್ಞಾನಗಳನ್ನೂ ಕಲಿಸುತ್ತಿದ್ದಿತು. ಒಬ್ಬ ಹುಡುಗಿಯ ಮುಂದಿನ ಆಯುಷ್ಯಕ್ಕೆ ಶಾಲೆಯು ಯಾವ ದಿಕ್ಕನ್ನು ತೋರಿಸಬಲ್ಲದೆಂಬದಕ್ಕೆ ಲೂಸಿಯವರ ಚರಿತ್ರೆಯೇ ನಿದರ್ಶನವು.

ಸನ್ ೧೯೦೭ರಲ್ಲಿ ಅವರು ಕೇಂಬ್ರಿಜ್ ವಿಶ್ವವಿದ್ಯಾಲಯದ ನ್ಯೂನಹ್ಯಾಮ್ ಕಾಲೇಜನ್ನು ಸೇರಿ ಸಸ್ಯಶಾಸ್ತ್ರವನ್ನೂ ಭೂಗರ್ಭಶಾಸ್ತ್ರವನ್ನೂ ಅಭ್ಯಾಸಮಾಡಿದರು. ೧೯೧೧ರಲ್ಲಿ ಪರೀಕ್ಷೆಯಲ್ಲಿ ಉತ್ತೀರ್ಣರಾದರು; ಆದರೆ ಪದವಿಯು ದೊರೆಯಲಿಲ್ಲ. ಏಕೆಂದರೆ ಆಗ್ಗೆ ಕೇಂಬ್ರಿಜ್‌ದಲ್ಲಿ ಸ್ತ್ರೀಯರು ಪುರುಷರೊಡನೆ ಕುಳಿತು ಅದೇ ಪರೀಕ್ಷೆಯನ್ನು ಕೊಡಬಹುದಾಗಿದ್ದರೂ ಪೂರ್ಣ ಪದವಿಗೆ ಅಧಿಕಾರಿಗಳಾಗಿರಲಿಲ್ಲ. ಈ ಅನ್ಯಾಯವು ನೀಗಿದುದು ೧೯೪೮ರಲ್ಲಿ. ನಮ್ಮ ಕನ್ನಡನಾಡಿನಲ್ಲಿಯೂ ಇಂಥ ಬಾಗಿಲುಗಳು ಸುಲಭವಾಗಿ ತೆರೆಯಲಿಲ್ಲವೆಂಬದನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಟಾಟಾ ವಿಜ್ಞಾನಸಂಸ್ಥೆಯು ೧೯೩೩ರಲ್ಲಿ ಕಮಲಾ ಭಾಗವತ ಎಂಬ ಪದವೀಧರೆಯನ್ನು ಹೆಣ್ಣೆಂಬ ಕಾರಣಕ್ಕಾಗಿ ಸೇರಿಸಿಕೊಳ್ಳಲು ಮೊದಲು ಒಪ್ಪಲಿಲ್ಲ. ಹಟಹಿಡಿದು ಸೇರಿದ ಆ ತರುಣಿಯು ಮುಂದೆ ಅದೇ ಕೇಂಬ್ರಿಜ್‌ದಲ್ಲಿ ಜೀವರಸಾಯನಶಾಸ್ತ್ರದ ಸಂಶೋಧನಕ್ಕಾಗಿ ಡಾಕ್ಟರ್ ಪದವಿಯನ್ನು ಪಡೆದು, ಕೂನೂರಿನ ಆಹಾರ ಸಂಶೋಧನಶಾಲೆಯಲ್ಲಿ ಜೀವಸತ್ವಗಳ ವಿಷಯವಾಗಿ ಕೆಲಸಮಾಡಿ, ಕಮಲಾ ಸೊಹೋನಿ ಎಂಬ ಹೆಸರಿನಿಂದ ಪ್ರಸಿದ್ಧರಾದರು.

ವೈದ್ಯವೃತ್ತಿಯ ಕರೆ

ಪರೀಕ್ಷೆ ಮುಗಿದ ವರುಷವೇ ತಂದೆಯವರು ತೀರಿಕೊಂಡರು. ಎರಡು ವರುಷಗಳಲ್ಲಿ ಅಕ್ಕನೂ ಅಗಲಿದಳು. ಲೂಸಿಯವರು ಕೆಲಕಾಲ ತಾಯಿಯೊಡನೆ ಸಿಂಹಳದ್ವೀಪದಲ್ಲಿದ್ದು, ೧೯೧೪ರಲ್ಲಿ ತಮ್ಮನೊಡನೆ ದಕ್ಷಿಣ ಆಫ್ರಿಕೆಗೆ ಹೋದರು. ಅವರು ಅಲ್ಲಿರುವಾಗಲೇ ಮೊದಲನೆಯ ಮಹಾಯುದ್ಧವು ಆರಂಭವಾಯಿತು. ಕೇಪ್‌ಟೌನ್ ನಗರದಲ್ಲಿ ಅವರು ತಾವಾಗಿ ಮುಂದೆ ಬಂದು ಕೆಲವು ವಾರ ರೋಗಿಗಳ ಶುಶ್ರೂಷೆ ಮಾಡಿದರು. ಇದಾದ ಮೇಲೆ ತಮ್ಮ ದಾರಿಯು ಯಾವದೆಂಬದರಲ್ಲಿ ಅವರಿಗೆ ಸಂದೇಹವು ಉಳಿಯಲಿಲ್ಲ.

ಸನ್ ೧೯೧೫ರ ಜನವರಿಯಲ್ಲಿ ಲಂಡನ್ನಿನ ಸ್ತ್ರೀಯರ ವೈದ್ಯವಿದ್ಯಾಲಯವನ್ನು ಅವರು ಸೇರಿದರು. ೧೮೭೪ರಲ್ಲಿ ಸ್ಥಾಪಿತವಾದ ಈ ವಿದ್ಯಾಲಯವು ಬ್ರಿಟನ್ನಿನಲ್ಲಿ ಹೆಂಗಸರಿಗೆ ವೈದ್ಯವಿದ್ಯೆಯನ್ನು ಕಲಿಸಿದ ಮೊದಲನೆಯದು. ಹಿಂದುಸ್ಥಾನದೊಡನೆ ಇದಕ್ಕೆ ನಿಕಟವಾದ ಸಂಬಂಧವಿದ್ದಿತು; ಮುಂಬಯಿಯ ಡಾಕ್ಟರ್ ರಖಮಾಬಾಯಿಯವರು ಕಲಿತು ೧೮೯೪ರಲ್ಲಿ ಡಾಕ್ಟರರಾದುದೂ ಇಲ್ಲಿಯೇ. ಗೋಷೆಯಲ್ಲಿರುವ ಸ್ತ್ರೀಯರನ್ನು ಪುರುಷ ವೈದ್ಯರು ಮುಟ್ಟಿ ನೋಡುವಂತಿಲ್ಲವಾದ್ದರಿಂದ ನಮ್ಮ ದೇಶಕ್ಕೆ ಬರಲು ಸಿದ್ಧರಾದ ಡಾಕ್ಟರಿಣಿಯರು ಅಲ್ಲಿ ಯಾವಾಗಲೂ ಇರುತ್ತಿದ್ದರು. ೧೯೨೦ರಲ್ಲಿ ವಿಲ್ಸ್ ಬಾಯಿಯವರು ವೈದ್ಯಪದವಿಯನ್ನು ಪಡೆದರು. ಆಗ ಅವರ ವಯಸ್ಸು ೩೨. ಆ ವಯಸ್ಸಿನಲ್ಲಿ ಹೊಸ ವೃತ್ತಿಗೆ ಕಾಲಿಡುವದು ತಡವಾಯಿತೆಂದು ಅವರು ಎಣಿಸಲಿಲ್ಲ.

ಸ್ವಂತ ದವಾಖಾನೆಯನ್ನು ತೆರೆದು ಹಣ ಗಳಿಸುವ ಆಸೆಯು ಅವರಿಗಿರಲಿಲ್ಲ. ರಾಯಲ್ ಫ್ರೀ ದವಾಖಾನೆಯ ರಾಸಾಯನಿಕ ರೋಗಪರೀಕ್ಷೆಯ ವಿಭಾಗವನ್ನು ಸೇರಿ, ಗರ್ಭಿಣಿಯರ ದೇಹದಲ್ಲಿ ಆಹಾರವು ಯಾವ ರೀತಿಯ ಮಾರ್ಪಾಡುಗಳನ್ನು ಹೊಂದುವದೆಂಬದನ್ನು ಪರಿಶೀಲಿಸತೊಡಗಿದರು. ಈ ಅಭ್ಯಾಸವೇ ಅವರನ್ನು ನಮ್ಮ ದೇಶಕ್ಕೆ ಕರೆತಂದಿತು.

ಮುಂಬಯಿಗೆ ಆಗಮನ

ಹಿಂದುಸ್ಥಾನದಲ್ಲಿ ಹೆರಿಗೆಯ ಕಾಲಕ್ಕೆ ಮಡಿಯುವ ತಾಯಂದಿರು ಅಸಂಖ್ಯರಾಗಿದ್ದರು. ಇದರ ಕಾರಣಗಳನ್ನು ಕಂಡುಹಿಡಿಯುವದಕ್ಕಾಗಿ ಹಿಂದುಸ್ಥಾನದ ಸಂಶೋಧನ ನಿಧಿಸಂಘವು ವಿಚಾರಣೆಯೊಂದನ್ನು ಏರ್ಪಡಿಸಿತು. (ಈ ಸಂಘವೇ ೧೯೪೯ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲವೆಂಬ ಹೆಸರನ್ನು ತಳೆಯಿತು.) ಈ ದೇಶದ ಸ್ತ್ರೀವೈದ್ಯಸೇವೆಯಲ್ಲಿ ಬಹುಕಾಲ ದುಡಿದ ಡಾಕ್ಟರ್ ಮಾರ್ಗರೆಟ್ ಬಾಲ್‌ಫೋರ್ ಬಾಯಿಯವರು ಆ ಕಾರ್ಯದ ಮುಂದಾಳುಗಳು. ಅವರ ಕರೆಗೆ ಓಗೊಟ್ಟು ವಿಲ್ಸ್ ಬಾಯಿಯವರು ೧೯೨೮ರಲ್ಲಿ ಮುಂಬಯಿಗೆ ಬಂದು ಪರಳದ ಹಾಫ್‌ಕಿನ್ ಸಂಸ್ಥೆಯಲ್ಲಿ ಕೆಲಸಕ್ಕೆ ನಿಂತರು.

ಆಗ ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ವಿಜಾಪುರ ಜಿಲ್ಲೆಯಲ್ಲಿದ್ದು, ಮುಂಬಯಿ ಇಲಾಖೆಗೆ ಸೇರಿದ್ದವೆಂಬದನ್ನು ಹಿರಿಯರು ಬಲ್ಲರು. ಮಳೆ ತಪ್ಪಿದ ವರುಷಗಳಲ್ಲಿ ಈ ಸೀಮೆಯ ಜನರು ಹೊಟ್ಟೆಪಾಡಿಗಾಗಿ ಸೊಲ್ಲಾಪುರ ಮುಂಬಯಿಗಳ ಗಿರಣಿಗಳಿಗೆ ಗುಳೆ ಹೋಗುತ್ತಿದ್ದರು. ಪರಳವು ಆ ಗಿರಣಿಗಳ ನಡುವೆಯೇ ಇರುವ ಸ್ಥಳ. ಆದುದರಿಂದ ವಿಲ್ಸ್ ಬಾಯಿಯವರು ಕಂಡ ಬಡತನವು ನಮಗೆ ದೂರದ ದೇಶದ ಬಡತನವಲ್ಲ.

ಅವರ ಕಣ್ಣಿಗೆ ಬಿದ್ದ ರೋಗವು ಹೀಗಿದ್ದಿತು. ಗರ್ಭಿಣಿಯು ಏಳೆಂಟು ತಿಂಗಳಾಗುವಷ್ಟರಲ್ಲಿ ಬಿಳಚಿಕೊಳ್ಳುವಳು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವಳು, ಉಣ್ಣಲು ಮನಸ್ಸಾಗದು. ಹೆರಿಗೆಯ ಆಯಾಸವನ್ನು ತಾಳಲಾರದೆ ಅನೇಕರು ಪ್ರಾಣವನ್ನು ಬಿಡುವರು. ಕಬ್ಬಿಣದ ಅಂಶವು ಸಾಲದೆ ಬರುವ ಸಾಧಾರಣ ರಕ್ತಹೀನತೆಯಲ್ಲಿ ರಕ್ತದ ಕೆಂಪು ಕಣಗಳು ಚಿಕ್ಕವಾಗಿ ಬಣ್ಣಗೆಟ್ಟಿರುತ್ತವೆ. ಈ ಸ್ತ್ರೀಯರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಣಗಳ ಸಂಖ್ಯೆಯು ತೀರ ಕಡಿಮೆ. ಇದ್ದವುಗಳಾದರೋ ಅಳತೆಮೀರಿ ದೊಡ್ಡವು. ಕಬ್ಬಿಣದ ಔಷಧವನ್ನು ಎಷ್ಟು ಕೊಟ್ಟರೂ ಇದು ಮಾಯುತ್ತಿರಲಿಲ್ಲ.

ಸಂಶೋಧನದ ದಾರಿ

ವಿಲ್ಸ್ ಬಾಯಿಯವರು ಮೊದಲು ಕೇಳಿಕೊಂಡ ಪ್ರಶ್ನೆಯು ಬಹು ಸರಳವಾದುದು. ಒಂದೇ ಪಟ್ಟಣದಲ್ಲಿ ಒಂದೇ ನೀರು ಗಾಳಿಗಳಲ್ಲಿ ಇರುವ ಸ್ತ್ರೀಯರಲ್ಲಿ ಕೆಲವರಿಗೆ ಈ ರೋಗವು ಬರುವದು, ಕೆಲವರಿಗೆ ಬಾರದು; ಇದಕ್ಕೆ ಕಾರಣವೇನು? ಅವರು ತಮ್ಮ ಹಿಂದೀ ಸಹಾಯಕರೊಡನೆ ಮುಂಬಯಿಯ ಬೇರೆ ಬೇರೆ ವರ್ಗದ ಸ್ತ್ರೀಯರ ಊಟವನ್ನೂ ವಾಸದ ರೀತಿಯನ್ನೂ ವಿಚಾರಿಸಿ ಬರೆದುಕೊಂಡರು. ಎಸ್. ಎನ್. ತಳಪಡೆಯವರೊಡನೆ ಕೂಡಿ ಬರೆದ ಈ ವಿಷಯದ ಲೇಖನವು ೧೯೩೦ರಲ್ಲಿ ಪ್ರಕಟವಾಯಿತು. ಕಾಯಿಪಲ್ಯ, ಹಣ್ಣು, ಹಾಲುಗಳು ಅಪರೂಪವಾಗಿದ್ದ ಬಡ ಮುಸಲ್ಮಾನ ಮನೆಗಳ ಸ್ತ್ರೀಯರಲ್ಲಿ ಆಹಾರವು ಅತ್ಯಂತ ಕೊರತೆಯುಳ್ಳದ್ದಾಗಿಯೂ ರೋಗವು ಅತ್ಯಂತ ಹೆಚ್ಚಾಗಿಯೂ ಕಂಡುಬಂದವು. ಹಾಗಾದರೆ ಕೊರತೆಯು ಯಾವದರದು?

ರೋಗಾಣುಗಳೇ ಕಾರಣವಿರಬಹುದೆಂಬ ಊಹೆಯನ್ನು ಅವರು ಪರೀಕ್ಷಿಸಿದರು, ಆಧಾರವು ದೊರೆಯಲಿಲ್ಲ. ಆಗ ತಿಳಿದುಬಂದಿದ್ದ ಎ ಮತ್ತು ಸಿ ಜೀವಸತ್ವಗಳ ಕೊರತೆಯಿಂದಾಗಿರಬಹುದೆಂದು ಶಂಕಿಸಿ ಇಲಿಗಳ ಮೇಲೆ ಪ್ರಯೋಗಗಳನ್ನು ನಡೆಯಿಸಿದರು. ೧೯೨೯ರಲ್ಲಿ ನೀಲಗಿರಿಯ ಕೂನೂರಿಗೆ ಹೋಗಿ, ಆಹಾರ ಸಂಶೋಧನದಲ್ಲಿ ಪ್ರಖ್ಯಾತರಾಗಿದ್ದ ರಾಬರ್ಟ್ ಮ್ಯಾಕ್‌ಕ್ಯಾರಿಸನ್ನರು ಕೆಲಸಮಾಡುತ್ತಿದ್ದ ಪಾಶ್ಚರ್ ಸಂಸ್ಥೆಯಲ್ಲಿ ಕೆಲವು ತಿಂಗಳು ನಿಂತರು. ಬಡವರ ಊಟದಂಥ ಆಹಾರವನ್ನು ತಿಂದ ಇಲಿಗಳಲ್ಲಿ ರಕ್ತಹೀನತೆಯು ಕಾಣಿಸಿಕೊಂಡಿತು. ಅದೇ ಆಹಾರಕ್ಕೆ ಯೀಸ್ಟನ್ನು ಸೇರಿಸಿದರೆ ಕಾಣಿಸಿಕೊಳ್ಳಲಿಲ್ಲ. ಆದರೆ ಇಲಿಗಳ ಮೈಯಲ್ಲಿಯ ಹೇನುಗಳಿಂದ ಹರಡುವ ಒಂದು ಸೋಂಕು ಈ ಪ್ರಯೋಗಗಳಲ್ಲಿ ಗೊಂದಲವನ್ನುಂಟುಮಾಡಿತು. ಆದ್ದರಿಂದ ಅವರು ಇಲಿಗಳನ್ನು ಬಿಟ್ಟು ಮನುಷ್ಯನಿಗೆ ಹೆಚ್ಚು ಸಮೀಪವಾದ ಮಂಗಗಳನ್ನು ಆರಿಸಿಕೊಂಡರು. ಮುಂಬಯಿಯ ಬಡ ಸ್ತ್ರೀಯರ ಊಟವನ್ನೇ ಮಂಗಗಳಿಗೆ ಉಣಿಸಿದಾಗ ಅವುಗಳ ರಕ್ತದಲ್ಲಿಯೂ ಅದೇ ದೊಡ್ಡ ಕಣಗಳು ಕಾಣಿಸಿದವು. ಯೀಸ್ಟಿನ ಸಾರವನ್ನು ಕೊಟ್ಟ ಕೂಡಲೇ ಅವು ಚೇತರಿಸಿಕೊಂಡವು.

ಈ ಯೀಸ್ಟಿನ ಸಾರವು ಮಾರ್ಮೈಟ್ ಎಂಬ ಹೆಸರಿನಿಂದ ಇಂಗ್ಲಂಡದಲ್ಲಿ ಮಾರುವ ಪದಾರ್ಥವು. ಬಿಯರು ತಯಾರಿಸುವಾಗ ಉಳಿಯುವ ಯೀಸ್ಟಿನಿಂದ ಅದನ್ನು ಮಾಡುವರು. ಅಲ್ಲಿಯ ಜನರು ರೊಟ್ಟಿಗೆ ಸವರಿಕೊಂಡು ತಿನ್ನುವರು. ಬೆಲೆಯೂ ಅಗ್ಗ. ಇಷ್ಟು ಸಾಮಾನ್ಯವಾದ ವಸ್ತುವನ್ನು ವಿಲ್ಸ್ ಬಾಯಿಯವರು ರೋಗಿಗಳಿಗೆ ಕೊಟ್ಟು ನೋಡಿದರು. ಸಾವಿನ ದಡದಲ್ಲಿದ್ದ ಸ್ತ್ರೀಯರಿಗೆ ಕೆಲವೇ ದಿನಗಳಲ್ಲಿ ಹಸಿವು ಮರಳಿತು; ರಕ್ತದಲ್ಲಿ ಎಳೆಯ ಕಣಗಳು ಗುಂಪುಗುಂಪಾಗಿ ಹುಟ್ಟತೊಡಗಿದವು; ಮುಖದಲ್ಲಿ ಕಳೆ ಏರಿತು. ೧೯೩೧ರಲ್ಲಿ ಈ ಸಂಗತಿಯನ್ನು ಅವರು ಬ್ರಿಟಿಷ್ ವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರುಷ ಮದ್ರಾಸಿನ ಗೋಷಾ ದವಾಖಾನೆಯಲ್ಲಿಯೂ ಅವರು ಕೆಲಸಮಾಡಿದರು.

ಇಲ್ಲಿ ಇನ್ನೊಂದು ತೊಡಕು ಬಂದಿತು. ಆ ಮೊದಲೇ, ೧೯೨೬ರಲ್ಲಿ, ಅಮೇರಿಕೆಯ ಮೈನಟ್ ಮತ್ತು ಮರ್ಫಿ ಎಂಬ ವೈದ್ಯರು ಹೆಚ್ಚಾಗಿ ಮಧ್ಯವಯಸ್ಸು ಮೀರಿದವರಿಗೆ ಬರುವ ಮಾರಕವಾದ ಒಂದು ರಕ್ತಹೀನತೆಯನ್ನು ಪ್ರಾಣಿಗಳ ಪಿತ್ತಜನಕಾಂಗವನ್ನು ಉಣಿಸಿ ವಾಸಿಮಾಡಿದ್ದರು. ಆ ರೋಗದಲ್ಲಿಯೂ ರಕ್ತಕಣಗಳು ದೊಡ್ಡವಾಗಿರುವವು. ಹಾಗಾದರೆ ಎರಡೂ ಒಂದೇ ರೋಗವೋ? ವಿಲ್ಸ್ ಬಾಯಿಯವರೂ ಅವರ ಸಂಗಡಿಗರೂ ಪರೀಕ್ಷಿಸಿ ನೋಡಿದರು. ಶುದ್ಧಮಾಡದೆ ಇದ್ದ ಪಿತ್ತಜನಕಾಂಗದ ಸಾರವು ತಮ್ಮ ರೋಗಿಗಳಿಗೂ ಗುಣವನ್ನು ಕೊಟ್ಟಿತು. ಅದೇ ಸಾರವನ್ನು ಚೆನ್ನಾಗಿ ಶೋಧಿಸಿ ಶುದ್ಧಮಾಡಿದಾಗ ಅದು ಆ ಹಳೆಯ ರೋಗವನ್ನು ಮೊದಲಿನಂತೆ ವಾಸಿಮಾಡುತ್ತಿದ್ದರೂ ಮುಂಬಯಿಯ ರೋಗಿಗಳಿಗೆ ಯಾವ ಉಪಯೋಗವೂ ಆಗಲಿಲ್ಲ. ಇದರಿಂದ ಸಿದ್ಧವಾದುದೇನು? ಪಿತ್ತಜನಕಾಂಗದಲ್ಲಿ ಎರಡು ಸತ್ವಗಳಿರಬೇಕು. ಶೋಧಿಸುವಾಗ ಒಂದು ಉಳಿದು ಮತ್ತೊಂದು ಕಳೆದುಹೋಗುತ್ತಿರಬೇಕು. ಯೀಸ್ಟಿನಲ್ಲಿ ಹೇರಳವಾಗಿರುವದು ಆ ಕಳೆದುಹೋದ ಸತ್ವವು. ಅದಕ್ಕೆ ವಿದ್ವಾಂಸರು ವಿಲ್ಸ್ ಸತ್ವವೆಂದೇ ಕೆಲಕಾಲ ಹೆಸರಿಟ್ಟು ಕರೆದರು.

ಆ ಸತ್ವದ ರೂಪವು ಗೊತ್ತಾಗುವದಕ್ಕೆ ಇನ್ನೂ ಹತ್ತು ವರುಷಗಳು ಬೇಕಾದವು. ೧೯೪೧ರಲ್ಲಿ ಅಮೇರಿಕೆಯ ಟೆಕ್ಸಾಸ್ ಪ್ರಾಂತದ ವಿಜ್ಞಾನಿಗಳು ರಾಶಿರಾಶಿ ಪಾಲಕದ ಎಲೆಗಳಿಂದ ಅದನ್ನು ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಫೋಲಿಕ್ ಆಮ್ಲವೆಂಬ ಹೆಸರನ್ನು ಕೊಟ್ಟರು. ೧೯೪೫ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ಅಮೇರಿಕೆಯ ಪ್ರಯೋಗಶಾಲೆಯ ಸಂಶೋಧನದ ನಾಯಕರು ನಮ್ಮ ನೆರೆಯ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು. ಶುದ್ಧವಾದ ಪಿತ್ತಜನಕಾಂಗದ ಸಾರದಲ್ಲಿ ಉಳಿಯುತ್ತಿದ್ದ ಮೊದಲನೆಯ ಸತ್ವವು ಬಿ ೧೨ ಜೀವಸತ್ವವೆಂದು ೧೯೪೮ರಲ್ಲಿ ತಿಳಿದುಬಂದಿತು. ಹೀಗೆ ವಿಲ್ಸ್ ಬಾಯಿಯವರ ತರ್ಕವು ಅಕ್ಷರಶಃ ನಿಜವಾಯಿತು.

ಆ ಸತ್ವವು ದೇಹದಲ್ಲಿ ಮಾಡುವ ಕೆಲಸ

ಇಷ್ಟು ಸ್ವಲ್ಪ ಪ್ರಮಾಣದ ವಸ್ತುವಿನಿಂದ ಇಷ್ಟು ದೊಡ್ಡ ಗುಣವು ಹೇಗಾಗುವದೆಂದು ಓದುವವರು ಕೇಳಬಹುದು. ಇಳಕಲ್ಲಿನ ನೇಕಾರರ ಮಗ್ಗವನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುವದು. ಹಾಸಿನ ನೂಲು ಮಗ್ಗದ ಮೇಲೆ ಸಿದ್ಧವಾಗಿದ್ದರೂ ಹೊಕ್ಕಿನ ನೂಲನ್ನು ತರುವ ಲಾಳಿಯು ನಿಂತರೆ ಸೀರೆಯು ಒಂದು ಗೇಣೂ ಮುಂದುವರಿಯದು. ನಮ್ಮ ದೇಹದಲ್ಲಿ ಹೊಸ ಜೀವಕಣವು ಹುಟ್ಟಬೇಕಾದರೆ ಹಳೆಯ ಕಣವು ಎರಡಾಗಿ ಒಡೆಯಬೇಕು. ಒಡೆಯುವ ಮೊದಲು ಅದು ತನ್ನ ಬೀಜದಲ್ಲಿರುವ ಡಿ.ಎನ್.ಎ. ಎಂಬ ದಾರವನ್ನು ಇಮ್ಮಡಿಮಾಡಿಕೊಳ್ಳಬೇಕು. ಆ ದಾರದ ಅಂಶಗಳಲ್ಲಿ ಒಂದಾದ ಥೈಮಿನ್ನನ್ನು ತಯಾರಿಸುವದಕ್ಕೆ ಒಂದೊಂದೇ ಇಂಗಾಲದ ತುಣುಕನ್ನು ಹೊತ್ತು ತಂದು ಜೋಡಿಸುವ ಕೆಲಸವು ಫೋಲಿಕ್ ಆಮ್ಲದ್ದು. ಅದೇ ಈ ಮಗ್ಗದ ಲಾಳಿ.

ರಕ್ತದ ಕೆಂಪು ಕಣದ ಆಯುಷ್ಯವು ಸುಮಾರು ೧೨೦ ದಿನಗಳು ಮಾತ್ರ. ಸತ್ತ ಕಣಗಳಿಗೆ ಬದಲಾಗಿ ಎಲುಬುಗಳೊಳಗಿನ ಮಜ್ಜೆಯು ಕ್ಷಣಕ್ಷಣಕ್ಕೂ ಲಕ್ಷಗಟ್ಟಲೆ ಹೊಸ ಕಣಗಳನ್ನು ಮಾಡುತ್ತಿರಬೇಕು. ಲಾಳಿ ನಿಂತಾಗ ಮಜ್ಜೆಯಲ್ಲಿಯ ಕಣವು ಬೆಳೆಯುವದು, ಆದರೆ ಒಡೆಯಲಾರದು. ಒಡೆಯದೆ ಬೆಳೆದುದರಿಂದಲೇ ಅದು ಅಳತೆಮೀರಿ ದೊಡ್ಡದಾಗುವದು, ಸಂಖ್ಯೆಯು ಕಡಿಮೆಯಾಗುವದು. ಮುಂಬಯಿಯ ಸೂಕ್ಷ್ಮದರ್ಶಕದಲ್ಲಿ ವಿಲ್ಸ್ ಬಾಯಿಯವರು ಕಂಡುದು ಇದನ್ನೇ. ಗರ್ಭಿಣಿಯರಿಗೆ ಈ ರೋಗವು ಹೆಚ್ಚಾಗಿ ಬರಲು ಕಾರಣವೂ ಇದರಿಂದ ಸ್ಪಷ್ಟವಾಗುವದು. ಕೂಸಿನ ಇಡಿಯ ದೇಹವೇ ಹೊಸ ಜೀವಕಣಗಳಿಂದ ಕಟ್ಟಲ್ಪಡುತ್ತಿರುವಾಗ ತಾಯಿಗೆ ಈ ಸತ್ವವು ಎಂದಿಗಿಂತ ಹೆಚ್ಚು ಬೇಕು. ದೇಹವು ಇದನ್ನು ಕೆಲವೇ ತಿಂಗಳಿಗೆ ಸಾಲುವಷ್ಟು ಮಾತ್ರ ಕೂಡಿಟ್ಟುಕೊಳ್ಳಬಲ್ಲದು; ಊಟದಲ್ಲಿ ಬಾರದೆ ಹೋದರೆ ಕೂಸು ತನಗೆ ಬೇಕಾದುದನ್ನು ತಾಯಿಯಿಂದಲೇ ಎಳೆದುಕೊಳ್ಳುವದು.

ವಿಲ್ಸ್ ಬಾಯಿಯವರು ತೀರಿಕೊಂಡ ಮೇಲೆ ಮತ್ತೊಂದು ಮಹತ್ವದ ಸಂಗತಿಯು ತಿಳಿದುಬಂದಿತು. ಗರ್ಭ ನಿಂತ ಮೊದಲ ೨೮ ದಿನಗಳೊಳಗಾಗಿ ಕೂಸಿನ ಬೆನ್ನುಹುರಿಯೂ ಮೆದುಳೂ ಆಗತಕ್ಕ ನಾಳವು ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಮಗುವು ಅಂಗವಿಕಲವಾಗಿ ಹುಟ್ಟುವದು, ಇಲ್ಲವೆ ಬದುಕುವದಿಲ್ಲ. ಇಂಥ ಮಗುವನ್ನು ಹಿಂದೆ ಹೆತ್ತಿದ್ದ ತಾಯಂದಿರಿಗೆ ಗರ್ಭಧಾರಣೆಗೆ ಮೊದಲಿನಿಂದಲೇ ಫೋಲಿಕ್ ಆಮ್ಲವನ್ನು ಕೊಟ್ಟು ಏಳು ದೇಶಗಳಲ್ಲಿ ಪರೀಕ್ಷಿಸಿದಾಗ, ಆ ಕೇಡು ಮರುಕಳಿಸುವದು ನೂರಕ್ಕೆ ೭೨ರಷ್ಟು ತಗ್ಗಿತೆಂದು ೧೯೯೧ರಲ್ಲಿ ಪ್ರಕಟವಾಯಿತು. ಆ ೨೮ ದಿನಗಳಲ್ಲಿ ಅನೇಕ ಸ್ತ್ರೀಯರಿಗೆ ತಾವು ಗರ್ಭಿಣಿಯರೆಂಬದೇ ತಿಳಿದಿರುವದಿಲ್ಲ. ಆದುದರಿಂದ ಈ ಸತ್ವವು ಬಸಿರಾದ ಮೇಲೆ ನೆನೆಸುವ ವಸ್ತುವಲ್ಲ. ಅದಕ್ಕೆ ಮೊದಲೇ ಮೈಯಲ್ಲಿರಬೇಕಾದ ವಸ್ತು.

ಉಳಿದ ಆಯುಷ್ಯವೂ ಮರಣವೂ

ಸನ್ ೧೯೩೩ರಲ್ಲಿ ವಿಲ್ಸ್ ಬಾಯಿಯವರು ಲಂಡನ್ನಿನ ತಮ್ಮ ದವಾಖಾನೆಗೆ ಮರಳಿದರು. ಆದರೂ ಮುಂಬಯಿಯನ್ನು ಮರೆಯಲಿಲ್ಲ. ೧೯೩೭ರ ಕೊನೆಯಲ್ಲಿ ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ಕುಳಿತು, ಅಲ್ಲಲ್ಲಿ ತಂಗುತ್ತ ಹಲವು ದಿನಗಳ ಪ್ರಯಾಣಮಾಡಿ ಕರಾಚಿಗೆ ಬಂದಿಳಿದು, ಸುಮಾರು ಹತ್ತು ವಾರ ಹಾಫ್‌ಕಿನ್ ಸಂಸ್ಥೆಯಲ್ಲಿ ಮತ್ತೆ ಕೆಲಸಮಾಡಿದರು. ಎರಡನೆಯ ಮಹಾಯುದ್ಧದಲ್ಲಿ ಅವರು ಲಂಡನ್ನನ್ನು ಬಿಡಲಿಲ್ಲ. ೧೯೪೪ರ ಜುಲೈಯಲ್ಲಿ ಅವರ ದವಾಖಾನೆಯ ಮೇಲೆಯೇ ಶತ್ರುವಿನ ಹಾರುವ ಬಾಂಬು ಬ‍ಿದ್ದು ಹಲವರು ಮಡಿದರು. ಅಂಥ ಕಾಲದಲ್ಲಿಯೂ ಅವರು ಕೆಲಸವನ್ನು ಸಾಗಿಸಿಕೊಂಡು ಹೋದರು. ಯುದ್ಧವು ಮುಗಿಯುವಷ್ಟರಲ್ಲಿ ಅಲ್ಲಿಯೇ ರಕ್ತರೋಗಗಳಿಗಾಗಿ ಪ್ರತ್ಯೇಕ ವಿಭಾಗವನ್ನು ಸ್ಥಾಪಿಸಿ ೧೯೪೭ರಲ್ಲಿ ನಿವೃತ್ತರಾದರು.

ನಿವೃತ್ತಿಯೆಂದರೆ ವಿಶ್ರಾಂತಿಯೆಂದು ಅವರು ಅರ್ಥಮಾಡಿಕೊಳ್ಳಲಿಲ್ಲ. ಜಮೈಕಾ, ಫಿಜಿ, ದಕ್ಷಿಣ ಆಫ್ರಿಕೆಗಳಿಗೆ ಹೋಗಿ ಅಲ್ಲಿಯ ಬಡವರ ಆಹಾರವನ್ನೂ ರಕ್ತಹೀನತೆಯನ್ನೂ ಅಭ್ಯಾಸಮಾಡಿದರು. ಲಂಡನ್ನಿನ ಚೆಲ್ಸಿ ಭಾಗದ ಜನರು ಅವರನ್ನು ನಗರಸಭೆಗೆ ಆರಿಸಿದರು. ಅವರು ಮದುವೆಯಾಗಲಿಲ್ಲ. ದೊಡ್ಡ ಡಾಕ್ಟರರಾಗಿದ್ದರೂ ಬೈಸಿಕಲ್ಲಿನ ಮೇಲೆ ದವಾಖಾನೆಗೆ ಹೋಗುತ್ತಿದ್ದರು. ಬೆಟ್ಟಗಳಲ್ಲಿ ತಿರುಗುವದು, ತೋಟ ಬೆಳೆಸುವದು, ಸಂಗೀತ ಕೇಳುವದು ಅವರಿಗೆ ಪ್ರಿಯವಾಗಿದ್ದವು. ಮನಸ್ಸಿನಲ್ಲಿದ್ದುದನ್ನು ನೇರವಾಗಿ ಆಡುವ ಸ್ವಭಾವ. ಮೂರ್ಖತನವನ್ನು ಅವರು ಸೈರಿಸುತ್ತಿರಲಿಲ್ಲ. ೧೯೬೪ರ ಏಪ್ರಿಲ್ ೧೬ರಂದು, ತಮ್ಮ ೭೫ನೆಯ ವಯಸ್ಸಿನಲ್ಲಿ, ಅವರು ಲೋಕವನ್ನು ಬಿಟ್ಟರು.

ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದು

ಮುಂಬಯಿಯ ಬಡ ತಾಯಂದಿರ ರೋಗಕ್ಕೆ ವಿಲ್ಸ್ ಬಾಯಿಯವರು ಕಂಡುಹಿಡಿದ ಮದ್ದು ದುಬಾರಿಯಾದುದಲ್ಲ. ನಮ್ಮ ಸೀಮೆಯಲ್ಲಿಯಾದರೋ ಅದು ಮಲಪ್ರಭೆ ಘಟಪ್ರಭೆಗಳ ದಂಡೆಯ ಹೊಲಗಳಲ್ಲಿಯೇ ಬೆಳೆಯುತ್ತದೆ. ಮೆಂತ್ಯಪಲ್ಯ, ರಾಜಗಿರಿ, ಪಾಲಕ, ಪುಂಡಿಪಲ್ಯ, ಹೆಸರುಕಾಳು, ಮಡಿಕೆಕಾಳು, ಕಡಲೆ, ಶೇಂಗಾ ಇವುಗಳಲ್ಲಿ ಫೋಲಿಕ್ ಆಮ್ಲದ ಜಾತಿಯ ಸತ್ವಗಳಿವೆ. ಜೋಳದ ರೊಟ್ಟಿಯೊಡನೆ ಹಕ್ಕರಿಕೆಯನ್ನೂ ಎಳೆಯ ಮೆಂತ್ಯದ ಸೊಪ್ಪನ್ನೂ ಹಸಿಯಾಗಿಯೇ ಕಡಿದುಕೊಂಡು ತಿನ್ನುವ ನಮ್ಮ ಹಿರಿಯರ ರೂಢಿಯು ಬಹಳ ಬೆಲೆಯುಳ್ಳದ್ದು. ಏಕೆಂದರೆ ಈ ಸತ್ವವು ಬಹಳ ಹೊತ್ತು ಕುದಿಸಿದರೆ ಕೆಡುವದು, ಬೇಯಿಸಿದ ನೀರಿನಲ್ಲಿ ಕರಗಿ ಹೋಗುವದು. ಪಲ್ಯವನ್ನು ಬೇಯಿಸಿ ಆ ನೀರನ್ನು ಬಸಿದು ಚೆಲ್ಲುವವರು ಅದರ ತಿರುಳನ್ನೇ ಚೆಲ್ಲಿದಂತೆ. ಹಸಿಯಾಗಿ ತಿನ್ನುವ ಸೊಪ್ಪನ್ನು ಮಾತ್ರ ಶುದ್ಧವಾದ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕೆಂಬದನ್ನು ಮರೆಯಬಾರದು. ಊಟದೊಡನೆ ಲಿಂಬೆಹಣ್ಣಿನ ರಸವಿದ್ದರೆ ಕಬ್ಬಿಣದ ಅಂಶವು ಮೈಗೆ ಚೆನ್ನಾಗಿ ಹತ್ತುವದು. ಊಟವಾದ ಕೂಡಲೇ ಚಹಾ ಕುಡಿದರೆ ಹತ್ತದು.

ಪದಾರ್ಥವು ಮನೆಯಲ್ಲಿದ್ದರೆ ಸಾಲದು. ಅದು ಯಾರ ತಾಟಿಗೆ ಬೀಳುವದೆಂಬದೇ ಮುಖ್ಯವಾದ ಮಾತು. ಎಷ್ಟೋ ಮನೆಗಳಲ್ಲಿ ಗಂಡಸರೂ ಮಕ್ಕಳೂ ಉಂಡಾದ ಮೇಲೆ ಹೆಂಗಸರು ಉಣ್ಣುವರು. ಆ ಹೊತ್ತಿಗೆ ಪಲ್ಯದ ಪಾತ್ರೆಯು ಬರಿದಾಗಿರುವದು. ಕುಬಸದ ದಿನ ಬಸುರಿಗೆ ಹಸಿರು ಸೀರೆ ಉಡಿಸಿ ಹಸಿರು ಬಳೆ ತೊಡಿಸಿ ಬಗೆಬಗೆಯ ಅಡಿಗೆ ಉಣಿಸುವೆವು; ಮರುದಿನದಿಂದ ಅವಳು ಒಣರೊಟ್ಟಿಗೆ ಖಾರಪುಡಿ ಹಚ್ಚಿಕೊಂಡು ಉಂಡರೂ ಕೇಳುವವರಿಲ್ಲ. ಬಸುರಿಯ ಮೈಯ ಮೇಲಿನ ಹಸಿರಿಗಿಂತ ಅವಳ ತಾಟಿನಲ್ಲಿಯ ಹಸಿರು ಹೆಚ್ಚು ಬೆಲೆಯುಳ್ಳದ್ದು. ಸೊಸೆಯೂ ಮಗಳೂ ಮನೆಯವರೊಡನೆಯೇ ಕುಳಿತು ಉಣ್ಣುವ ರೂಢಿಯನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರು ತಂತಮ್ಮ ಮನೆಗಳಲ್ಲಿ ಹಾಕಿದರೆ, ಅದು ಶಾಲೆಗೆ ಅವರು ಕೊಡುವ ಕಾಣಿಕೆಗಳೆಲ್ಲಕ್ಕಿಂತ ದೊಡ್ಡದಾಗುವದು.

ಸರಕಾರದ ಯೋಜನೆಯ ಮೇರೆಗೆ ಶಾಲೆಯ ಹುಡುಗಿಯರಿಗೆ ವಾರಕ್ಕೊಂದರಂತೆ ಕೊಡತಕ್ಕ ನೀಲಿ ಬಣ್ಣದ ಗುಳಿಗೆಯಲ್ಲಿ ಕಬ್ಬಿಣದೊಡನೆ ೫೦೦ ಮೈಕ್ರೋಗ್ರಾಮ್ ಫೋಲಿಕ್ ಆಮ್ಲವಿರುತ್ತದೆ. ಗರ್ಭಿಣಿಯರಿಗೆ ದಿನಾಲು ಗುಳಿಗೆಯನ್ನು ಕೊಡುವರು. ಗುಳಿಗೆಯಿಂದ ಹೊಟ್ಟೆ ತೊಳಸುವದೆಂದು ಕೆಲವು ಹುಡುಗಿಯರು ಅದನ್ನು ಬಿಸುಡುವರು. ಕೆಲವು ಪಾಲಕರು ಅದೇನೋ ಎಂದು ಹೆದರಿ ಬೇಡವೆನ್ನುವರು. ಬರಿಹೊಟ್ಟೆಯಲ್ಲಿ ನುಂಗದೆ ಊಟವಾದ ಮೇಲೆ ನುಂಗಿದರೆ ಆ ತೊಂದರೆಯು ಬಹುಮಟ್ಟಿಗೆ ಇರದು. ಆದರೆ ರಕ್ತಹೀನತೆಯು ಹೆಚ್ಚಾಗಿದ್ದರೆ ಗುಳಿಗೆಯನ್ನಷ್ಟೇ ನಂಬಿ ಮನೆಯಲ್ಲಿ ಕುಳಿತುಕೊಳ್ಳದೆ ಡಾಕ್ಟರರಿಗೆ ತೋರಿಸಬೇಕು. ಬಿ ೧೨ ಜೀವಸತ್ವದ ಕೊರತೆಯಿದ್ದವರಿಗೆ ಫೋಲಿಕ್ ಆಮ್ಲವೊಂದನ್ನೇ ಕೊಟ್ಟರೆ ರಕ್ತವು ಸುಧಾರಿಸಿದಂತೆ ಕಂಡರೂ ನರಗಳ ಹಾನಿಯು ಒಳಗೊಳಗೇ ಬೆಳೆಯಬಹುದು. ಹಾಲು ಮೊಸರುಗಳನ್ನೂ ಕಾಣದ ಬಡ ಸಸ್ಯಾಹಾರಿಗಳು ಈ ವಿಷಯದಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು.

ಪಾಲಕರಲ್ಲಿ ನಮ್ಮ ವಿನಂತಿಯು ಇನ್ನೊಂದಿದೆ. ಹತ್ತನೆಯ ತರಗತಿಯು ಮುಗಿಯುತ್ತಲೇ ಮಗಳಿಗೆ ವರನನ್ನು ಹುಡುಕುವ ಅವಸರವು ನಮ್ಮ ಸೀಮೆಯಲ್ಲಿ ಇನ್ನೂ ಪೂರ್ಣವಾಗಿ ಹೋಗಿಲ್ಲ. ಇನ್ನೂ ತನ್ನ ಮೈಯೇ ಬೆಳೆಯುತ್ತಿರುವ ಹುಡುಗಿಯು ಮತ್ತೊಂದು ಮೈಯನ್ನು ಬೆಳೆಸಬೇಕಾದರೆ ಇಬ್ಬರಿಗೂ ಸಾಲುವಷ್ಟು ರಕ್ತವು ಎಲ್ಲಿಂದ ಬರಬೇಕು? ಒಬ್ಬ ಹುಡುಗಿಯನ್ನು ಶಾಲೆಗೆ ಕಳುಹಿಸಿ, ಅವಳ ಮನಸ್ಸಿಗೆ ಬಂದ ವಿದ್ಯೆಯನ್ನು ಕಲಿಯಗೊಟ್ಟು, ೩೨ನೆಯ ವಯಸ್ಸಿನವರೆಗೂ ಓದಿಸಿದುದರಿಂದ ಬರ್ಮಿಂಗಹ್ಯಾಮಿನ ಒಂದು ಮನೆತನವು ಕಳೆದುಕೊಂಡುದೇನೂ ಇಲ್ಲ. ಲೋಕದ ತಾಯಂದಿರು ಗಳಿಸಿದುದು ಲೆಕ್ಕಕ್ಕೆ ಸಿಕ್ಕದಷ್ಟು. ನಮ್ಮ ತರಗತಿಗಳಲ್ಲಿ ಕುಳಿತಿರುವ ಹೆಣ್ಣುಮಕ್ಕಳಲ್ಲಿ ಯಾರ ಕೈಯಲ್ಲಿ ಮುಂದಿನ ಸೂಕ್ಷ್ಮದರ್ಶಕವು ಇರುವದೋ ನಾವು ಬಲ್ಲವರಲ್ಲ. ಅವಳ ತಾಟಿಗೆ ಪಲ್ಯವನ್ನೂ ಕೈಗೆ ಪುಸ್ತಕವನ್ನೂ ಕೊಡುವದಷ್ಟೇ ನಮ್ಮ ನಿಮ್ಮ ಕೆಲಸವು.